ಬಣ್ಣಗಾರ ಓಣಿ ತಂಡದ ಹತ್ತು ವರ್ಷ

ಇಳಕಲ್
೧೨ ನವೆಂಬರ್ ೨೦೦೬

ಬಾನು,

ಫೋನ್ ಮಾಡೋಣವೆಂದರೆ ಅದು ನಿಮ್ಮ ಬಳೆ ಅಂಗಡಿಯ ಗಲ್ಲೆಯ ಮೇಲಿದೆ. ನಾನು ಇಲ್ಲಿ ಬೈದದ್ದನ್ನು ಬಾದಾಮಿಯಲ್ಲಿ ಬಳೆ ಇಡಿಸಿಕೊಳ್ಳಲು ಬಂದವರೆಲ್ಲ ಕೇಳುವುದು ಬೇಡ. ಅದಕ್ಕೇ ಈ ಕಾಗದ. ಬೈಗುಳ ಬಹಳ ಇದೆ, ಸಾವಕಾಶವಾಗಿ ಓದು.

ನಮ್ಮ ಓಣಿಯ ಕಬಡ್ಡಿ ತಂಡಕ್ಕೆ ಬರುವ ಫೆಬ್ರುವರಿಗೆ ಹತ್ತು ವರ್ಷ ತುಂಬುತ್ತದೆ. ನನ್ನ ತಮ್ಮ ವೀರೇಶ ಈಗ ತಂಡದ ಸೆಕ್ರೆಟರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಮೊನ್ನೆ ನನ್ನ ಮಗ್ಗದ ಪಕ್ಕದಲ್ಲಿ ಬಂದು ಕುಳಿತು, "ಅಕ್ಕಾ, ಹತ್ತು ವರ್ಷದಾಗ ನೆನಪಿಡುವಂಥಾ ಪ್ರಸಂಗ ಬರದು ಕೊಡು. ಮೈಕಿನ್ಯಾಗ ಓದಸ್ತೇವಿ. ನಿನ್ನಷ್ಟು ನೆನಪು ಯಾರಿಗೂ ಇಲ್ಲ" ಅಂದ. ಇಷ್ಟು ವರ್ಷ ಹೆಂಗಸರನ್ನು ಮೈದಾನಕ್ಕೆ ಕಾಲಿಡಗೊಡದೆ ಮಾಳಿಗೆಯ ಮೇಲೆ ನಿಲ್ಲಿಸಿದರು. ಈಗ ನೆನಪು ಬೇಕಾದಾಗ ಹೆಂಗಸೇ ಬೇಕು ಇವರಿಗೆ.

ಬೈದೆ, ಆದರೆ ಬರೆಯಲೂ ಕೂತೆ. ನಿನ್ನ ಮಾಳಿಗೆ, ನನ್ನ ಮಾಳಿಗೆ, ನಡುವೆ ಮೊಣಕಾಲೆತ್ತರದ ಗೋಡೆ. ಮದುವೆಯಾದ ಮೇಲೂ ನೀನು ಪಂದ್ಯವಿದೆ ಎಂದರೆ ತವರಿಗೆ ಓಡಿ ಬರುತ್ತಿದ್ದೆ. ಆ ಗೋಡೆಯ ಮೇಲೆ ಕೂತು ಶೇಂಗಾ ತಿನ್ನುತ್ತ ನಾವು ನೋಡದ ಪಂದ್ಯವಿಲ್ಲ.

ಮೊದಲನೆಯದನ್ನು ಬರೆದಾಯಿತು. ತೊಂಬತ್ತೇಳರಲ್ಲಿ ಹುನಗುಂದದವರ ಮೇಲೆ ಆಡಿದ್ದು. ಬಣ್ಣಗಾರ ಓಣಿಯ ಹುಡುಗರಿಗೆ ಬಣ್ಣ ಹಾಕುವುದನ್ನು ಬೇರೆಯವರು ಕಲಿಸಬೇಕೇ ಎಂಬ ಠೇಂಕಾರದಿಂದ, ಸೀರೆಯ ದಡಿಗೆ ರೇಷ್ಮೆಯನ್ನು ಅದ್ದುವ ಕೆಂಪು ಬಣ್ಣದಲ್ಲೇ ಹತ್ತಿಯ ಬನಿಯನ್ನುಗಳನ್ನು ಅದ್ದಿಬಿಟ್ಟರು. ರೇಷ್ಮೆ ಹಿಡಿಯುವ ಬಣ್ಣವನ್ನು ಹತ್ತಿ ಹಿಡಿಯುತ್ತದೆಯೇ? ಬೆವರಿದ ಕೂಡಲೇ ಎಲ್ಲ ಇಳಿಯಿತು. ಹುನಗುಂದದವರ ತೋಳು, ತೊಡೆ, ಬೆನ್ನು, ಎಲ್ಲೆಲ್ಲಿ ನಮ್ಮವರು ಮುಟ್ಟಿದ್ದರೋ ಅಲ್ಲೆಲ್ಲ ಕೆಂಪು. "ನನಗ ಮುಟ್ಟೇ ಇಲ್ರಿ" ಎಂದು ಅವರು ಹೇಳುವ ಹಾಗೇ ಇಲ್ಲ. ಅಂಪೈರ್ ಮುಖ ನೋಡುವುದನ್ನು ಬಿಟ್ಟು ಬಣ್ಣ ನೋಡಿ ಔಟ್ ಕೊಡತೊಡಗಿದ. ನಾವು ಗೆದ್ದದ್ದು ಹಾಗೆ. ನೀನು ನಗುತ್ತ ನಗುತ್ತ ಶೇಂಗಾ ನೆತ್ತಿಗೇರಿಸಿಕೊಂಡಿದ್ದೆ.

ನಿನಗೆ ನೆನಪಿದ್ದದ್ದನ್ನು ಬರೆ. ನಿನ್ನ ತಮ್ಮ ಹುಸೇನಸಾಬ ನಿನ್ನ ಮನೆಗೆ ಬಂದು ಇದ್ದು ವರ್ಷದ ಮೇಲಾಯಿತು. ನಮ್ಮ ತಂಡದ ದಾಳಿಗಾರನೆಂದರೆ ಅವನೊಬ್ಬನೇ. ಒಂದು ಸಲವೂ ಇತ್ತ ತಲೆ ಹಾಕಲಿಲ್ಲವಲ್ಲ, ಯಾಕೆ?

ನಿನ್ನ
ಶಿವಬಸವ್ವ


ಬಾದಾಮಿ
೨೯ ನವೆಂಬರ್ ೨೦೦೬

ಶಿವಿ,

ಶೇಂಗಾ ನೆತ್ತಿಗೇರಿದ್ದು ನನಗಲ್ಲ, ನಿನಗೆ. ನಿನ್ನ ಬೆನ್ನಿಗೆ ಗುದ್ದಿದವಳು ನಾನು. ಮೈಕಿನಲ್ಲಿ ತಪ್ಪು ಓದಿಸಬೇಡ.

ಎರಡನೆಯದಕ್ಕೆ ಕೆರೂರಿನ ಪಂದ್ಯ ಹಾಕು. ಸಂತೆಯ ದಿನ ಆಡಿದ್ದು. ನಾನು ಆಗ ಗಂಡನ ಜೊತೆ ಬಳೆ ಮಾರಲು ಹೋಗಿದ್ದೆ. ನಮ್ಮ ಕಡೆ ಉಳಿದವನು ಹುಸೇನ ಒಬ್ಬನೇ, ಎದುರಿಗೆ ಮೂವರು. ಅವನು ಉಸಿರು ಹಿಡಿದು ಒಳಹೊಕ್ಕ. "ಕಬಡ್ಡಿ ಕಬಡ್ಡಿ" ಎಂಬ ದನಿ ಒಂದೇ ಸಮ, ನಿನ್ನ ಕೈಯಲ್ಲಿ ಲಾಳಿ ಓಡಿದ ಹಾಗೆ. ತೂಗುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ಬಂದು ನಿಂತರು. ಮೂವರನ್ನೂ ಮುಟ್ಟಿ ಗೆರೆ ದಾಟಿ ಬಂದ ಮೇಲೂ ಅವನು ಕಬಡ್ಡಿ ಅನ್ನುವುದನ್ನು ನಿಲ್ಲಿಸಲಿಲ್ಲ. ಮೆಣಸಿನಕಾಯಿ ಮಾರುವ ಒಬ್ಬ ಮುದುಕ "ಇವನ ಎದಿಯಾಗ ಕಮ್ಮಾರನ ತಿದಿ ಐತೇನ?" ಅಂದ. ನಾನು "ಅವ ನನ್ನ ತಮ್ಮ ರೀ" ಅಂದೆ. ಆ ಮುದುಕ ನನಗೆ ಬೊಗಸೆ ತುಂಬ ಮೆಣಸಿನಕಾಯಿ ಪುಕ್ಕಟೆ ಕೊಟ್ಟ.

ಹುಸೇನ ಇದ್ದಾನೆ. ಅಂಗಡಿಯಲ್ಲಿ ಕೂರುತ್ತಾನೆ. ಮಾತು ಕಡಿಮೆ ಮಾಡಿದ್ದಾನೆ. ನಿನ್ನ ಬರಹದಲ್ಲಿ ಅವನನ್ನು ಬಹಳ ಎಳೆಯಬೇಡ, ಕೆರೂರಿನದೊಂದು ಸಾಕು.

ಬಾನು


ಇಳಕಲ್
೨೦ ಡಿಸೆಂಬರ್ ೨೦೦೬

ಬಾನು,

ಕೆರೂರಿನದೊಂದು ಸಾಕೆಂದು ನೀನು ಬರೆದೆ. ಇಲ್ಲಿ ಅದೂ ಬೇಡವಂತೆ.

ನಾನು ಬರೆದದ್ದನ್ನು ವೀರೇಶ ಓದಿದ. ಓದಿ, "ಹುಸೇನನ ಹೆಸರು ತಗದು ಬಿಡಕ್ಕಾ. ಕಂಪನಿಯವರು ಬ್ಯಾಡ ಅಂದಾರ" ಅಂದ. ಕಂಪನಿ ಎಂದರೆ ಯಾವುದು ಗೊತ್ತಲ್ಲ, ಗುಟ್ಕಾ ಕಂಪನಿ. ಆರು ವರ್ಷದಿಂದ ತಂಡವನ್ನು ಸಾಕುವವರು ಅವರೇ. ಆಟಗಾರರ ಎದೆಯ ಮೇಲೆ ಓಣಿಯ ಹೆಸರು ಹೋಗಿ ಗುಟ್ಕಾದ ಹೆಸರು ಬಂದಿದೆ. ಮೈದಾನದ ಬಾಗಿಲಲ್ಲಿ ಬುಟ್ಟಿಗಟ್ಟಲೆ ಪಾಕೀಟು ಇಟ್ಟು, ಬಂದವರಿಗೆಲ್ಲ ಕುಂಕುಮ ಹಚ್ಚುವ ಹಾಗೆ ಹಂಚುತ್ತಾರೆ. ಹಂಚುವವನು ನನ್ನ ಒಡಹುಟ್ಟಿದವನು.

ಈ ಓಣಿಯ ಗತಿ ನೀನು ಈಗ ನೋಡಬೇಕು. ಗೋಡೆ, ಕಂಬ, ಬೋರಿನ ಕಟ್ಟೆ, ಎಲ್ಲ ಕೆಂಪು. ಹೋದ ತಿಂಗಳು ಬೀದಿಯಲ್ಲಿ ಮಗ್ಗದ ಹಾಸು ಹೂಡಿ ನೂಲಿಗೆ ಗಂಜಿ ಹಚ್ಚುತ್ತಿದ್ದೆವು. ಪಂದ್ಯ ನೋಡಿ ಬಂದ ಯಾವನೋ ನಡೆಯುತ್ತ ನಡೆಯುತ್ತ ಬಿಳಿ ಎಳೆಗಳ ಮೇಲೆಯೇ ಉಗುಳಿ ಹೋದ. ಅದನ್ನು ಒರೆಸಿದೆ, ತೊಳೆದೆ. ಆ ವಾಸನೆಗೆ ವಾಕರಿಕೆ ಬಂದು ಎರಡು ದಿನ ಅನ್ನ ಸೇರಲಿಲ್ಲ. ವೀರೇಶನಿಗೆ ಹೇಳಿದರೆ "ಜನಾ ಅಂದ್ರ ಉಗುಳ್ತಾರಕ್ಕಾ" ಅಂದ. ಜನ ಉಗುಳುತ್ತಾರಂತೆ. ನಮ್ಮ ಬಾಯಿಗೆ ಅನ್ನ ಹಾಕುವ ಹಾಸಿನ ಮೇಲೆ ಉಗುಳಿದರೂ ಇವನಿಗೆ ಅದು ಜನ. ಹೇಸಿಗೆ ಎನ್ನುವುದು ಬರಬರುತ್ತ ಮನುಷ್ಯನಿಗೆ ಕಾಣಿಸದೇ ಹೋಗುತ್ತದೆಂದು ಕಾಣುತ್ತದೆ.

ಹುಸೇನನ ಹೆಸರು ಯಾಕೆ ಬೇಡವೆಂದು ನೇರವಾಗಿಯೇ ಕೇಳಿದೆ. "ಅವ ಸಾಬರ ಪೈಕಿ ಅಂತನ?" ವೀರೇಶ ಹಿಡಿದ ತುತ್ತನ್ನು ತಾಟಿಗೆ ಬಿಟ್ಟ. "ಅಂಥಾ ಮಾತು ಆಡಬ್ಯಾಡಕ್ಕಾ. ನಾವಿಬ್ರೂ ಒಂದ ತಾಟಿನ್ಯಾಗ ಉಂಡವ್ರು" ಅಂದ. ಮತ್ತೇನು ಎಂದರೆ ಕೈ ತೊಳೆದು ಎದ್ದು ಹೋದ. ಬಾನು, ನಿನಗೆ ಗೊತ್ತಿದೆ. ನೀನು ಬರೆದ ಕಾಗದದಲ್ಲೂ ಏನನ್ನೋ ಮುಚ್ಚಿದ ಹಾಗಿತ್ತು. ಏನಾಗಿದೆ ಹೇಳು.

ಶಿವಬಸವ್ವ


ಬಾದಾಮಿ
೬ ಜನವರಿ ೨೦೦೭

ಶಿವಿ,

ಹೇಳುತ್ತೇನೆ. ಹೇಳಿದ ಮೇಲೆ ಅಯ್ಯೋ ಪಾಪ ಎಂದು ಬರೆಯಬೇಡ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ಮೊದಲು ಅವನು ರಂಜಕ ಬಿಟ್ಟ. ರೊಟ್ಟಿಗೆ ಕೆಂಪು ಖಾರವಿಲ್ಲದೆ ಊಟ ಮುಟ್ಟದವನು ಬರೀ ಮೊಸರು ಕೇಳತೊಡಗಿದ. ನಮ್ಮ ಕಡೆ ಖಾರ ಬಿಟ್ಟ ಗಂಡಸನ್ನು ಬಿಡುತ್ತಾರೆಯೇ? ನಾನು, ನನ್ನ ಗಂಡ, ಅತ್ತೆ, ಎಲ್ಲ ಸೇರಿ "ಬಾಣಂತಿ, ಬಾಣಂತಿ" ಎಂದು ಕಾಡಿಸಿದೆವು. ಅವನೂ ನಕ್ಕ. ನಗುವಾಗ ಬಾಯಿ ಪೂರ್ತಿ ತೆರೆಯುವುದಿಲ್ಲವೆಂದು ನಾವು ಯಾರೂ ನೋಡಲಿಲ್ಲ. ಆಮೇಲೆ ರೊಟ್ಟಿ ಹೋಯಿತು, ಅನ್ನವನ್ನು ಕಿವುಚಿ ಕೊಡತೊಡಗಿದೆ. ಈಗ ಗಂಜಿ, ಅದೂ ಚಮಚೆಯ ತುದಿಯಿಂದ. ಒಳಗೆ ಕೆನ್ನೆಗೆ ಹುಣ್ಣಾಗಿದೆ. ಹುಬ್ಬಳ್ಳಿಯ ಡಾಕ್ಟರು ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಮಾರ್ಚಿನಲ್ಲಿ ಆಪರೇಷನ್.

ಗುಟ್ಕಾ ಶಿವಿ, ಬೇರೇನಲ್ಲ. ಆಟಗಾರರಿಗೆ ಪುಕ್ಕಟೆ ಸಿಗುತ್ತಿತ್ತಲ್ಲ. ಮೊದಲ ಪಾಕೀಟು ಹರಿದು ಕೈಗೆ ಸುರಿದವನು ನಿನ್ನ ವೀರೇಶ. "ಬಾಯಾಗ ಇಟಗೋಲೇ, ಆಡುವಾಗ ನೀರಡಿಕಿ ಆಗಂಗಿಲ್ಲ" ಅಂದನಂತೆ. ಇದನ್ನು ಹುಸೇನನೇ ಹೇಳಿದ. ದೂರಲಿಲ್ಲ, ಸುಮ್ಮನೆ ಹೇಳಿದ. ನನಗೆ ಮಾತ್ರ ಅವತ್ತಿನಿಂದ ನಿನ್ನ ಮನೆಯ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ನಿನ್ನ ಮೇಲಲ್ಲ. ಆದರೆ ಇದನ್ನು ನಿನಗೆ ಬರೆಯಲು ಇಷ್ಟು ದಿನ ಕೈ ಬರಲಿಲ್ಲ ಎನ್ನುವುದನ್ನು ನೀನು ತಿಳಿದಿರಬೇಕು.

ಕಂಪನಿಯವರಿಗೆ ಅವನು ಯಾಕೆ ಬೇಡ ಎಂದು ಈಗ ತಿಳಿಯಿತೇ?

ಶಹರಬಾನು


ಇಳಕಲ್
೧೭ ಜನವರಿ ೨೦೦೭

ಬಾನು,

ನೀನು ಬೇಡವೆಂದದ್ದನ್ನು ನಾನು ಬರೆಯುವುದಿಲ್ಲ. ನಿನ್ನ ಕಾಗದವನ್ನು ಮಡಿಚಿ ನೇರ ಮೈದಾನಕ್ಕೆ ಹೋದೆ. ಹೌದು, ಮಾಳಿಗೆಗಲ್ಲ, ಮೈದಾನಕ್ಕೆ. ಪೆಂಡಾಲ್ ಹಾಕುವವರ ಮುಂದೆಯೇ ವೀರೇಶನಿಗೆ ಕೇಳಿದೆ, "ಹುಸೇನಗ ಏನಾಗೇತಿ ನಿನಗ ಗೊತ್ತಿತ್ತೇನು?"

ಅವನು ಕೆಳಗೆ ನೋಡಿದ. ಗೊತ್ತಿತ್ತಂತೆ. ಹೋದ ವರ್ಷ ಬಾದಾಮಿಗೆ ಬಂದು ನಿಮ್ಮ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು ದೂರದಿಂದ ನೋಡಿದ್ದನಂತೆ. ಮಾತಾಡಿಸುವ ಧೈರ್ಯವಾಗದೆ ಚಹಾ ಕುಡಿದು ಬಸ್ಸು ಹತ್ತಿದನಂತೆ. ಇದನ್ನು ಒಂದು ದೊಡ್ಡ ದುಃಖದ ಕಥೆಯೆಂಬಂತೆ ಹೇಳಿದ. ಹೇಳುವಾಗ ಅವನ ಕೆನ್ನೆ ಉಬ್ಬಿತ್ತು, ಮಾತಿನ ನಡುವೆ ಪಕ್ಕಕ್ಕೆ ತಿರುಗಿ ಉಗುಳಿದ. ನನ್ನ ತಮ್ಮನ ಬಗ್ಗೆ ನನಗೆ ಇಷ್ಟು ಅಸಹ್ಯ ಎಂದೂ ಆಗಿರಲಿಲ್ಲ ಬಾನು. ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದ ಕೈಯಿದು. ಆ ಉಗುಳನ್ನು ನೋಡಿ ಆ ಕೈಯನ್ನೇ ತೊಳೆದುಕೊಳ್ಳಬೇಕೆನಿಸಿತು.

ಒಂದೇ ಮಾತು ಹೇಳಿದೆ. ಹುಸೇನಸಾಬ ಇಲ್ಲದ ಹತ್ತು ವರ್ಷ ನನಗೆ ನೆನಪಿಲ್ಲ. ಅವನನ್ನು ಕರೆದು ವೇದಿಕೆಯ ಮೇಲೆ ಕೂರಿಸಿದರೆ ಬರೆದು ಕೊಡುತ್ತೇನೆ, ಇಲ್ಲವಾದರೆ ಒಲೆಗೆ ಹಾಕುತ್ತೇನೆ. ಎರಡು ದಿನ ಹಾರಾಡಿದ. ಕಡೆಗೆ "ಬರ್ಲಿ. ಶಾಲು ಹೊದಸ್ತೇವಿ. ಆದ್ರ ಮೈಕ್ ಕೊಡಂಗಿಲ್ಲ. ಯಾಕ ಏನು ಅಂತ ಜನ ಕೇಳಬಾರ್ದು" ಅಂದ.

ಬರುವುದೋ ಬಿಡುವುದೋ ಹುಸೇನನೇ ಹೇಳಲಿ. ಅವನಿಗೆ ಮನಸ್ಸಿಲ್ಲದಿದ್ದರೆ ನಾನು ಒತ್ತಾಯಿಸುವುದಿಲ್ಲ. ಪೂರ್ತಿ ಮರೆತುಬಿಡುವ ಮೊದಲು ಈ ಊರು ಅವನನ್ನೊಮ್ಮೆ ನೋಡಲಿ ಎಂಬುದಷ್ಟೇ ನನ್ನ ಆಸೆ.

ಶಿವಿ


ಬಾದಾಮಿ
೩೦ ಜನವರಿ ೨೦೦೭

ಶಿವಿ,

ಬರುತ್ತಾನಂತೆ. ನಾನು ಬೇಡವೆಂದೆ, ಜಗಳವಾಡಿದೆ, ಅತ್ತುಬಿಟ್ಟೆ. ಅವನು ಬಟ್ಟೆ ಮಡಿಚಿ ಚೀಲಕ್ಕೆ ಹಾಕಿದ. ಅತ್ತೆಗೆ ಆರಾಮಿಲ್ಲ, ನಾನು ಜೊತೆಗೆ ಬರುವ ಹಾಗಿಲ್ಲ. ಹುನಗುಂದದ ಮೇಲೆ ಬರುವ ಬಸ್ಸಿಗೆ ಕೂರಿಸುತ್ತೇನೆ. ಊಟದ ಒತ್ತಾಯ ಮಾಡಬೇಡ, ಜನರ ಮುಂದೆ ತಿನ್ನಲು ಅವನಿಗೆ ನಾಚಿಕೆ. ಏನು ನಡೆಯಿತೆಂದು ಇದ್ದದ್ದನ್ನು ಇದ್ದ ಹಾಗೆ ಬರೆ. ಅವನು ಹೇಳುವುದಿಲ್ಲ.

ಬಾನು


ಇಳಕಲ್
೧೩ ಫೆಬ್ರುವರಿ ೨೦೦೭

ಬಾನು,

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಡುನಡುವೆ ಬೈದರೆ ತಡೆದುಕೋ.

ಹುಸೇನ ಮಧ್ಯಾಹ್ನದ ಹೊತ್ತಿಗೆ ಬಂದ. ಕೊರಳವಸ್ತ್ರವನ್ನು ಮೂಗಿನ ತನಕ ಸುತ್ತಿಕೊಂಡಿದ್ದ. ವೇದಿಕೆಯ ಮೇಲೆ ಕಂಪನಿಯ ಮ್ಯಾನೇಜರು, ಊರಿನ ನಾಲ್ಕು ದೊಡ್ಡವರು, ವೀರೇಶ, ತುದಿಯ ಖುರ್ಚಿಯಲ್ಲಿ ಇವನು. ನಾವು ಹೆಂಗಸರು ಮಾಳಿಗೆಯ ಮೇಲೆ. ನಾನು ಬರೆದದ್ದನ್ನು ಸಾಲಿ ಮಾಸ್ತರರು ಓದಿದರು. ಬಣ್ಣದ ಬನಿಯನ್ನಿಗೆ ಜನ ಬಿದ್ದುಬಿದ್ದು ನಕ್ಕರು. ಕೆರೂರಿನದನ್ನು ಓದಿದಾಗ ಯಾರೋ "ಹುಸೇನ ಇಲ್ಲೇ ಅದಾನಲೇ" ಎಂದು ಕೂಗಿದರು. ಅಷ್ಟೇ, ಮೈದಾನವೇ ಎದ್ದಿತು. "ಒಂದು ಉಸುರು, ಹುಸೇನ, ಒಂದು ಉಸುರು ಹಿಡಿ" ಎಂದು ಚಪ್ಪಾಳೆ. ವೀರೇಶ ಮೈಕು ಹಿಡಿದು "ಅವಗ ಗಂಟಲ ನೋವೈತ್ರಿ, ಬಿಡ್ರಿ" ಅಂದ. ಜನ ಬಿಡಲಿಲ್ಲ.

ಹುಸೇನ ಎದ್ದ. ಹೆಗಲ ಮೇಲಿನ ಶಾಲನ್ನು ಖುರ್ಚಿಗೆ ಹಾಕಿ ಮೆಟ್ಟಿಲಿಳಿದ. ನಡುಗೆರೆಗೆ ಹೋಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಖಾಲಿ ಅಂಕಣದೊಳಗೆ ಹೆಜ್ಜೆ ಹಾಕಿದ ನೋಡು, ಕಾಲು ಅದೇ, ಬಾಗಿದ ಸೊಂಟ ಅದೇ. ದನಿ ಮಾತ್ರ ಇಲ್ಲ. ಯಾವನೋ "ಲೇ, ಬಾಯಿ ತಗಿ, ಮೂಕನಂಗ ಆಡಬ್ಯಾಡ" ಅಂದ. ಹುಸೇನ ನಿಂತ. ವಸ್ತ್ರವನ್ನು ಕೆಳಗಿಳಿಸಿ ಜನರ ಕಡೆ ತಿರುಗಿ ಬಾಯಿ ತೆರೆದ. ಅದು ಚೂರೇ ಚೂರು ಬಿಚ್ಚಿತು. ಒಳಗಿನಿಂದ ಬಂದದ್ದು ಕಬಡ್ಡಿ ಅಲ್ಲ, ಒಂದು ಗೊಗ್ಗರು ಸದ್ದು. ಅದನ್ನೇ ಉಸಿರಿರುವ ತನಕ ಎಳೆದ. ನಿಲ್ಲಿಸದೆ ಎಳೆದ. ಉಸಿರು ಮಾತ್ರ ಇನ್ನೂ ಕೆರೂರಿನದೇ, ಬಾನು.

ಮುಂದಿನ ಸಾಲಿನವರಿಗೆ ಎಲ್ಲ ಕಂಡಿತು. ಒಬ್ಬನೂ ಮಾತಾಡಲಿಲ್ಲ. ಮಾತಾಡಲು ಬಾಯಿ ಬರಿದಿದ್ದರಲ್ಲವೇ? ಎಲ್ಲರ ಕೆನ್ನೆಯಲ್ಲೂ ಅದೇ ಗುಟ್ಕಾ. ಒಬ್ಬ ಎದ್ದು ಬೇಲಿಯ ಹತ್ತಿರ ಹೋಗಿ ಉಗುಳಿ ಬಂದು ಮತ್ತೆ ಕೂತು ಕೈಮುಗಿದ. ಉಗುಳಿ ಬಂದು ಕೈಮುಗಿಯುವುದು ಎಂದರೆ ಏನೆಂದು ನಾನು ಈಗಲೂ ಯೋಚಿಸುತ್ತಿದ್ದೇನೆ. ಮ್ಯಾನೇಜರು ಕೈಸನ್ನೆ ಮಾಡಿದ, ಸ್ಪೀಕರಿನಲ್ಲಿ ಹಾಡು ಹಾಕಿದರು. ಪೇಢೆ ಹಂಚಿದರು. ಬಾಗಿಲಲ್ಲಿ ಬುಟ್ಟಿ ಹಾಗೇ ಇತ್ತು, ಹೋಗುವಾಗ ಜನ ಕೈ ಹಾಕಿಯೇ ಹೋದರು.

ನಾನು ಏಣಿ ಇಳಿದು ಓಡಿದೆ. ಹುಸೇನ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ. ಒಂದು ತಂಬಿಗೆ ಮಜ್ಜಿಗೆ ಕೊಟ್ಟೆ, ಗೋಡೆಯ ಕಡೆ ತಿರುಗಿ ನಿಧಾನವಾಗಿ ಕುಡಿದ. ಹೋಗುವಾಗ ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದರೆ ನೊಂದಾನೆಂದು ಹೂಂ ಅಂದೆ.

ಶಿವಬಸವ್ವ


ಹುಬ್ಬಳ್ಳಿ
೪ ಮಾರ್ಚ್ ೨೦೦೭

ಶಿವಕ್ಕನಿಗೆ ಹುಸೇನನ ಸಲಾಮು.

ಆಪರೇಷನ್ ಬರುವ ವಾರ. ಅಕ್ಕ ಜೊತೆಗಿದ್ದಾಳೆ. ಅವತ್ತು ನಾನು ಹೇಳಿದ್ದು ನಿಮಗೆ ತಿಳಿಯಲಿಲ್ಲವೆಂದು ನಿಮ್ಮ ಮುಖ ನೋಡಿಯೇ ಗೊತ್ತಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಡಾಕ್ಟರು ಎಲ್ಲಕ್ಕಿಂತ ಮೊದಲು ಮಾಡಿಸುವುದು ಒಂದೇ. ನಿಮ್ಮ ಕೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಬಾಯೊಳಗೆ ಇಡಿ ಎನ್ನುತ್ತಾರೆ. ಸರಿಯಿದ್ದವರಿಗೆ ಮೂರೂ ಹೋಗುತ್ತವೆ. ನನಗೆ ಮೊದಲ ಸಲ ಬಂದಾಗಲೇ ಒಂದು ಕಷ್ಟದಿಂದ ಹೋಯಿತು. ಸಾಲಿನಲ್ಲಿ ಕೂತವರೆಲ್ಲ ಬಾಯಿಗೆ ಬೆರಳಿಟ್ಟು ನೋಡಿಕೊಳ್ಳುತ್ತಿರುತ್ತಾರೆ. ಇನ್ನೂ ಮೀಸೆ ಬರದವರೂ ಇದ್ದಾರೆ. ಬೇಗ ಬಂದವರಿಗೆ ಹುಣ್ಣಾಗುವ ಮೊದಲೇ ಔಷಧ ಮಾಡುತ್ತಾರೆ, ಗುಟ್ಕಾ ಬಿಟ್ಟರೆ ಉಳಿಯುತ್ತಾರೆ.

ನಾನು ಸನ್ಮಾನಕ್ಕೆಂದು ಬರಲಿಲ್ಲ. ವೀರೇಶನನ್ನು ಹತ್ತಿರದಿಂದ ನೋಡಬೇಕಿತ್ತು. ವೇದಿಕೆಯ ಮೇಲೆ ಎಲ್ಲರಿಗಿಂತ ಮೊದಲು ಅವನಿಗೆ ಪೇಢೆ ಕೊಟ್ಟರು. ಎಲ್ಲರೂ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವ ಪೇಢೆ. ಅವನು ಅದನ್ನು ಚಿವುಟಿ ಚಿವುಟಿ ಚೂರು ಮಾಡಿ ತಿಂದ. ನಾನೂ ಒಂದು ವರ್ಷ ಹಾಗೆಯೇ ತಿಂದಿದ್ದೆ.

ನಾನು ಹೇಳಿದರೆ ಸಿಟ್ಟಿನಿಂದ ಹೇಳಿದೆ ಅಂದಾನು. ಅವತ್ತು ನಿಮಗೆ ಹೇಳಿದ್ದೂ ಇದನ್ನೇ, ನೀವು ನೋಡಿ.

ನಿಮ್ಮ ತಮ್ಮನಂಥವನು,
ಹುಸೇನಸಾಬ


ಇಳಕಲ್
೧೬ ಮಾರ್ಚ್ ೨೦೦೭

ಬಾನು,

ಆಪರೇಷನ್ ಮುಗಿಯಿತು, ಹುಸೇನ ಕಣ್ಣು ತೆರೆದ ಎಂದು ಅಂಗಡಿಯಿಂದ ನಿನ್ನ ಗಂಡ ಫೋನ್ ಮಾಡಿದ್ದರು. ಈ ಕಾಗದವನ್ನು ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಹೊರಟವರ ಕೈಯಲ್ಲಿ ಆಸ್ಪತ್ರೆಗೇ ಕಳಿಸುತ್ತಿದ್ದೇನೆ.

ಹುಸೇನ ಬರೆದದ್ದನ್ನು ಓದಿ ಮೊದಲು ನನಗೆ ಸಿಟ್ಟೇ ಬಂತು. ಬಾಯಿ ಹೋದ ಮೇಲೂ ಇವನಿಗೆ ಅವನದೇ ಚಿಂತೆ. ನನ್ನೊಳಗೆ ವೀರೇಶನ ಬಗ್ಗೆ ಉಳಿದಿದ್ದದ್ದು ಹೇಸಿಗೆ ಒಂದೇ. ತಾಟು ಹಾಕಿ ಕೊಡುವಾಗಲೂ ಅವನ ಮುಖ ನೋಡುತ್ತಿರಲಿಲ್ಲ. ಓದಿದ ಮೇಲೆ ನೋಡಿದೆ. ರೊಟ್ಟಿಯನ್ನು ಉಗುರಿನಷ್ಟು ಉಗುರಿನಷ್ಟು ಮುರಿದು ಪಲ್ಯದ ರಸದಲ್ಲಿ ನೆನೆಯಿಟ್ಟು ಕಾಯುತ್ತಿದ್ದ. ಎಷ್ಟು ದಿನದಿಂದ ಹಾಗೆ ತಿನ್ನುತ್ತಿದ್ದಾನೋ, ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿಲ್ಲ.

ಹೇಳಿದರೆ ಕೇಳಲಿಲ್ಲ. "ನನಗೇನಾಗೇತಿ, ಗೂಳಿಯಂಗದೇನಿ" ಎಂದು ಅಂಗಳದಲ್ಲಿ ಹಾರಾಡಿದ. ಇವತ್ತು ಮಗ್ಗದ ಪಕ್ಕದಲ್ಲಿ ಬಂದು ಕೂತಾಗ ಹುಸೇನನ ಕಾಗದವನ್ನೇ ಅವನ ಕೈಗೆ ಕೊಟ್ಟೆ. ಓದಿದ. ಪೇಢೆಯ ಮಾತು ಬಂದಲ್ಲಿ ಮತ್ತೆ ಓದಿದ. ಆಮೇಲೆ ನಗಾಡುತ್ತ, ನನ್ನನ್ನು ಸುಳ್ಳು ಮಾಡುವವನ ಹಾಗೆ, ಬೆರಳು ಜೋಡಿಸಿ ಬಾಯಿಗೆ ಇಟ್ಟುಕೊಂಡ.

ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಎಡಗೈ ಇಟ್ಟು ನೋಡಿದ. ಕೈ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ನಗು ಹೋಯಿತು.

"ಕಬಡ್ಡಿ ಆಡಿದ ಕೈ ಅಕ್ಕಾ, ನನ್ನ ಬೆರಳು ದಪ್ಪ ಅದಾವು" ಅಂದ.

ನಾನು ಲಾಳಿ ಕೆಳಗಿಟ್ಟೆ. ಅವನು ಚಿಕ್ಕಂದಿನಲ್ಲಿ ಕಾಲಿಗೆ ಮುಳ್ಳು ಚುಚ್ಚಿದಾಗ ಬರುತ್ತಿದ್ದ ಹಾಗೆ ಹತ್ತಿರ ಸರಿದು, "ನಿನ್ನವು ಸಣ್ಣ ಅದಾವಲ್ಲ, ನಿನ್ನ ಬೆರಳು ನನ್ನ ಬಾಯಾಗ ಇಟ್ಟು ನೋಡು" ಅಂದ.

ಇಟ್ಟು ನೋಡಿದೆ, ಬಾನು. ನನ್ನವೂ ಎರಡೇ ಹೋದವು.

ನಾಳೆ ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬರುತ್ತಿದ್ದೇನೆ. ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಹುಸೇನನಿಗೆ ಕೇಳಿಟ್ಟಿರು.

ಶಿವಿ